ಚಿತ್ರದ ಭಾರವನ್ನು ಹೊರುವವರು ಯಾರು?

ಕನ್ನಡದ ಜಾಲತಾಣಗಳನ್ನು ನಡೆಸುವ ಸಂಪಾದಕರಿಗೂ, ಅವುಗಳನ್ನು ಕಟ್ಟಿಕೊಡುವ ವಿನ್ಯಾಸಕಾರರಿಗೂ, ಲೇಖನದೊಡನೆ ಛಾಯಾಚಿತ್ರಗಳನ್ನು ಕಳುಹಿಸುವ ಬರಹಗಾರರಿಗೂ ಒಂದು ಬಹಿರಂಗ ಪತ್ರ

ಮಾನ್ಯರೆ,

ಐವತ್ತು ವರ್ಷಗಳಷ್ಟು ಕಾಲ ಅಚ್ಚುಕೂಟದ ಮಸಿಯಲ್ಲಿಯೂ ಪತ್ರಿಕೆಯ ಮೇಜಿನ ಮುಂದೆಯೂ ಕಳೆದು, ವೃದ್ಧಾಪ್ಯದಲ್ಲಿ ಒಂದು ಸಣ್ಣ ಮಾಸಪತ್ರಿಕೆಯ ಜಾಲತಾಣದ ಹೊಣೆಯನ್ನು ಹೊತ್ತಿರುವ ನಾನು, ತಮ್ಮಲ್ಲಿ ಅರಿಕೆ ಮಾಡಿಕೊಳ್ಳಬೇಕೆಂದಿರುವ ವಿಷಯವು ಮೊದಲ ನೋಟಕ್ಕೆ ಅತ್ಯಲ್ಪವೆಂದು ತೋರಬಹುದು. ಪುಟದಲ್ಲಿ ಹಾಕುವ ಚಿತ್ರವನ್ನು ಪ್ರಕಟಣೆಗೆ ಮುನ್ನ ತಕ್ಕ ಅಳತೆಗೆ ಇಳಿಸಿ, ಅದರ ಕಡತದ ತೂಕವನ್ನು ತಗ್ಗಿಸಿ, ಅನಂತರ ಓದುಗನ ಮುಂದಿಡಬೇಕು. ಇಷ್ಟೇ ನನ್ನ ವಿಜ್ಞಾಪನೆಯ ಸಾರ. ಆದರೆ ಈ ಅಲ್ಪಕಾರ್ಯವನ್ನು ಮಾಡದೆ ಬಿಟ್ಟಾಗ ಅದರ ಕಷ್ಟವನ್ನು ಅನುಭವಿಸುವವರು ನಾವಲ್ಲ, ನಮ್ಮ ಕಣ್ಣಿಗೆ ಎಂದೂ ಬೀಳದ ದೂರದ ಓದುಗರು ಎಂಬ ಒಂದೇ ಕಾರಣದಿಂದ ಇದು ಯಂತ್ರಜ್ಞರ ಕೋಣೆಯಲ್ಲಿ ಮುಗಿದುಹೋಗುವ ಮಾತಾಗದೆ, ಸಂಪಾದಕನ ಧರ್ಮಕ್ಕೆ ಸೇರಿದ ಮಾತಾಗುತ್ತದೆ ಎಂದು ನಾನು ದೃಢವಾಗಿ ನಂಬಿದ್ದೇನೆ. ಈ ನಂಬಿಕೆ ನನಗೆ ಪುಸ್ತಕದಿಂದ ಬಂದುದಲ್ಲ. ನನ್ನ ಅಕ್ಕನ ಮನೆಯ ದಣಪೆಯ, ಅಂದರೆ ಬೇಲಿಯ ಬಾಗಿಲಿನ, ಬಳಿ ಬಂದುದು.

ಸಾಗರದ ಕಡೆಯ ಒಂದು ಹಳ್ಳಿಯಲ್ಲಿ ನನ್ನ ಅಕ್ಕನ ಮನೆ. ಮನೆಯ ಮೂರು ಕಡೆಯೂ ಗುಡ್ಡ, ಮುಂದುಗಡೆ ಅಡಕೆ ತೋಟ. ಮೊಬೈಲಿಗೆ ಟವರ್ ಸಿಗುವುದು ಅಂಗಳವನ್ನು ದಾಟಿ ದಣಪೆಯ ಹತ್ತಿರ ಹೋಗಿ ನಿಂತರೆ ಮಾತ್ರ. ಮಲೆನಾಡಿನ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಯ ಹಿಟ್ಟಿನ ಬಿಳುಪಿನಿಂದ, ಪುಂಡಿನಾರಿನ ಕುಂಚದಿಂದ ಬರೆಯುವ ಹಸೆ ಚಿತ್ತಾರದ ವಿಷಯವಾಗಿ ನಮ್ಮ ಪತ್ರಿಕೆಯಲ್ಲಿ ಒಂದು ದೀರ್ಘಲೇಖನ ಪ್ರಕಟವಾಗಿತ್ತು. ಚಿಕ್ಕಂದಿನಿಂದ ನೆರೆಮನೆಗಳ ಗೋಡೆಗಳಲ್ಲಿ ಆ ಚಿತ್ತಾರಗಳನ್ನು ನೋಡಿಕೊಂಡೇ ಬೆಳೆದ ಅಕ್ಕನಿಗಲ್ಲದೆ ಇನ್ನಾರಿಗೆ ಅದನ್ನು ಮೊದಲು ಓದಿಸಲಿ ಎಂಬ ಉತ್ಸಾಹದಿಂದ ನಾನೇ ಕೊಂಡಿಯನ್ನು ಕಳುಹಿಸಿದ್ದೆ. ಎರಡು ದಿನಗಳ ಮೇಲೆ ಅವಳ ಕರೆ ಬಂದಿತು: “ನಿನ್ನ ಪತ್ರಿಕೆ ತೆರೆಯೋದೇ ಇಲ್ಲ ಕಣೋ ತಮ್ಮಾ, ಬರೀ ಬಿಳೀ ಕಾಣ್ತದೆ.” ಅವಳ ಫೋನಿನಲ್ಲಿಯೇ ಏನೋ ದೋಷವಿರಬೇಕೆಂದು ನಾನು ಎಣಿಸಿದೆ. ನಮ್ಮ ಕಚೇರಿಯ ದೊಡ್ಡ ಪರದೆಯ ಮೇಲೆ ಆ ಪುಟವು ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದುಕೊಳ್ಳುತ್ತಿದ್ದುದರಿಂದ ಬೇರೆ ಸಂಶಯವು ನನ್ನ ಮನಸ್ಸಿಗೆ ಸುಳಿಯಲೇ ಇಲ್ಲ.

ಮುಂದಿನ ತಿಂಗಳು ಊರಿಗೆ ಹೋದಾಗ ಸಂಜೆಯ ಹೊತ್ತು ದಣಪೆಯ ಬಳಿ ಅವಳ ಪಕ್ಕದಲ್ಲಿಯೇ ನಿಂತು ಆ ಫೋನನ್ನು ನೋಡಿದೆ. ಮೊಮ್ಮಗಳ ಪಾಠದ ವಿಡಿಯೋಗಳಿಗೆ ಆ ದಿನದ ಡೇಟಾ ಮುಗಿದುಹೋಗಿತ್ತು. ಪ್ಯಾಕಿನ ನಿಯಮದಂತೆ ವೇಗವು ಸೆಕೆಂಡಿಗೆ 64 ಕಿಲೋಬಿಟ್‌ಗೆ ಇಳಿದಿತ್ತು. ಮೊದಲು ಲೇಖನದ ಶೀರ್ಷಿಕೆ ಮೂಡಿತು. ಅಕ್ಕ ಕನ್ನಡಕವನ್ನು ಸರಿಪಡಿಸಿಕೊಂಡು ಮೊದಲ ವಾಕ್ಯವನ್ನು ಅರ್ಧ ಓದಿರಬಹುದು, ಅಷ್ಟರಲ್ಲಿ ಆ ವಾಕ್ಯವು ಥಟ್ಟನೆ ಕೆಳಕ್ಕೆ ಜಾರಿ ಪರದೆಯಿಂದಲೇ ಮರೆಯಾಯಿತು. ಅದಿದ್ದ ಸ್ಥಳದಲ್ಲಿ ಒಂದು ಬಿಳಿಯ ಚೌಕ ನಿಂತಿತು. ಬಹಳ ಹೊತ್ತಿನ ಮೇಲೆ ಆ ಚೌಕದ ನೆತ್ತಿಯಲ್ಲಿ ನೂಲಿನಷ್ಟು ತೆಳುವಾದ ಒಂದು ಕೆಂಪು ಪಟ್ಟಿ ಕಾಣಿಸಿಕೊಂಡು, ಮಳೆಗಾಲದಲ್ಲಿ ಗೋಡೆಯ ಮೇಲಿನಿಂದ ತೇವವು ಇಳಿದು ಬರುವಂತೆ, ಗೆರೆ ಗೆರೆಯಾಗಿ ಕೆಳಗೆ ಇಳಿಯತೊಡಗಿತು. ಅಕ್ಕ ಬೆರಳಿನಿಂದ ಪುಟವನ್ನು ಸರಿಸಿ ತನ್ನ ವಾಕ್ಯವನ್ನು ಮರಳಿ ಹುಡುಕಿಕೊಂಡಳು. ಎರಡನೆಯ ಚಿತ್ರದ ಚೌಕ ಬಾಯಿ ತೆರೆದು ಅದನ್ನು ಮತ್ತೆ ದೂಡಿಬಿಟ್ಟಿತು. “ಹೀಗೇ ಮಾಡ್ತದೆ ನೋಡು,” ಎಂದು ಅವಳು ಫೋನನ್ನು ನನ್ನ ಕೈಗೆ ಕೊಟ್ಟು, ಹಾಲು ಕಾಯಿಸಲು ಒಳಗೆ ಹೋದಳು. ಅವಳ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ತನಗೆ ಲಭಿಸತಕ್ಕದ್ದಲ್ಲದ ವಸ್ತುವೊಂದನ್ನು ಬಿಟ್ಟುಕೊಡುವವರ ಸಮಾಧಾನವಿತ್ತು. ನನ್ನನ್ನು ಈ ಕಾಗದದವರೆಗೆ ಎಳೆದು ತಂದುದು ಆ ಸಮಾಧಾನವೇ.

ಬೆಂಗಳೂರಿಗೆ ಹಿಂದಿರುಗಿ ಲೆಕ್ಕ ನೋಡಿದೆ. ಪುಟದಲ್ಲಿದ್ದ ಚಿತ್ರಗಳು ಮೂರು. ಛಾಯಾಗ್ರಾಹಕ ಮಿತ್ರರು ಕಳುಹಿಸಿದ ಮೂಲ ಕಡತಗಳನ್ನೇ, ಉಡುಗೊರೆಯ ಗಂಟನ್ನು ಬಿಚ್ಚದೆ ದಾಟಿಸುವಂತೆ, ನಾವು ಹಾಗೆಯೇ ಏರಿಸಿದ್ದೆವು. ಒಂದೊಂದೂ 4000 ಪಿಕ್ಸೆಲ್ ಅಗಲ, 3000 ಪಿಕ್ಸೆಲ್ ಎತ್ತರ. ತೂಕ ಒಂದೊಂದಕ್ಕೂ ಸುಮಾರು 4 ಎಂಬಿ. ಅಕ್ಕನ ಫೋನಿನ ಪರದೆಯ ಅಗಲವಾದರೋ 1080 ಪಿಕ್ಸೆಲ್. ಆ ಅಗಲಕ್ಕೆ ಹೊಂದುವಂತೆ ಇಳಿಸಿದ್ದರೆ 810 ಪಿಕ್ಸೆಲ್ ಎತ್ತರದ, ಒಟ್ಟು ಎಂಟು ಮುಕ್ಕಾಲು ಲಕ್ಷ ಬಿಂದುಗಳ ಚಿತ್ರವೊಂದು ಸಾಕಾಗಿತ್ತು. ನಾವು ಕಳುಹಿಸಿದ್ದು ಒಂದು ಕೋಟಿ ಇಪ್ಪತ್ತು ಲಕ್ಷ ಬಿಂದುಗಳನ್ನು. ಅಂದರೆ ಆ ಪರದೆಯು ತೋರಿಸಬಲ್ಲುದಕ್ಕಿಂತ ಹದಿಮೂರು ಪಾಲಿಗೂ ಮಿಗಿಲಾದ ಹೊರೆಯನ್ನು ಗುಡ್ಡ ಹತ್ತಿಸಿ, ಅಲ್ಲಿಗೆ ಮುಟ್ಟಿದ ಮೇಲೆ ಅದರ ಬಹುಭಾಗವನ್ನು ಫೋನೇ ಚೆಲ್ಲಿಬಿಡುವಂತೆ ನಾವು ಏರ್ಪಾಟು ಮಾಡಿದ್ದೆವು. ಸೆಕೆಂಡಿಗೆ 64 ಕಿಲೋಬಿಟ್ ವೇಗದಲ್ಲಿ 4 ಎಂಬಿಯ ಒಂದು ಚಿತ್ರ ಬಂದು ಸೇರಲು ಎಂಟೂವರೆ ನಿಮಿಷಕ್ಕೂ ಹೆಚ್ಚು ಕಾಲ ಬೇಕು. ಮೂರಕ್ಕೆ ಇಪ್ಪತ್ತಾರು ನಿಮಿಷ. ಎಪ್ಪತ್ತನಾಲ್ಕು ವರ್ಷದ ಒಬ್ಬ ಹೆಂಗಸು ಸಂಜೆಯ ಸೊಳ್ಳೆಗಳ ನಡುವೆ ದಣಪೆಯ ಬಳಿ ಇಪ್ಪತ್ತಾರು ನಿಮಿಷ ನಿಂತಿರಬೇಕೆಂದು ನಾವಾರೂ ಬಯಸಿದ್ದಿಲ್ಲ. ಆದರೆ ಬಯಸದೆಯೇ ಅದನ್ನು ವಿಧಿಸಿದ್ದೆವು.

ಈ ತಪ್ಪು ನನ್ನ ಕೈಯಿಂದಲೇ ಆಯಿತಲ್ಲ ಎಂಬುದು ನನ್ನನ್ನು ಹೆಚ್ಚಾಗಿ ನೋಯಿಸಿತು. ಏಕೆಂದರೆ, ಚಿತ್ರವು ಅದನ್ನು ಧರಿಸುವ ಪಾತ್ರೆಗೆ ತಕ್ಕಂತಿರಬೇಕೆಂಬ ಪಾಠವನ್ನು ನಾನು 1974ರಲ್ಲಿಯೇ, ಇಪ್ಪತ್ತರ ಹರೆಯದಲ್ಲಿ, ಅಚ್ಚುಕೂಟದಲ್ಲಿ ಕಲಿತಿದ್ದೆ. ಆಗ ಛಾಯಾಚಿತ್ರವೊಂದನ್ನು ಅಚ್ಚು ಹಾಕಬೇಕಾದರೆ ಸತುವಿನ ತಗಡಿನ ಮೇಲೆ ಹಾಫ್‌ಟೋನ್ ಬ್ಲಾಕು ಮಾಡಿಸಬೇಕಾಗಿತ್ತು. ಬ್ಲಾಕಿನ ದರ ಚದರ ಅಂಗುಲದ ಲೆಕ್ಕ. ಆದ್ದರಿಂದ ಯಾವ ಸಂಪಾದಕನೂ ಎಷ್ಟು ಅಗಲದ ಚಿತ್ರ ಬೇಕೆಂಬುದನ್ನು ಅಳೆಯದೆ ಬ್ಲಾಕಿಗೆ ಬರೆಯುತ್ತಿರಲಿಲ್ಲ. ಅಳತೆಯಾದ ಮೇಲೆ ಕೇಳುತ್ತಿದ್ದ ಎರಡನೆಯ ಪ್ರಶ್ನೆ, ಕಾಗದ ಯಾವುದು ಎಂಬುದು. ಒರಟಾದ ನ್ಯೂಸ್‌ಪ್ರಿಂಟ್ ಆದರೆ ಅಂಗುಲಕ್ಕೆ 65 ಗೆರೆಯ ಸ್ಕ್ರೀನು, ನುಣುಪಾದ ಆರ್ಟ್ ಪೇಪರ್ ಆದರೆ ಅದರ ಎರಡರಷ್ಟು ಸೂಕ್ಷ್ಮವಾದುದು. ನ್ಯೂಸ್‌ಪ್ರಿಂಟಿನ ಮೇಲೆ ಸೂಕ್ಷ್ಮವಾದ ಬ್ಲಾಕನ್ನು ಒತ್ತಿದರೆ ಚುಕ್ಕೆಗಳ ನಡುವೆ ಮಸಿ ತುಂಬಿಕೊಂಡು, ಮಾನ್ಯ ಮಂತ್ರಿಗಳ ಮುಖವೂ ಮಸಿಯ ಮುದ್ದೆಯಾಗುತ್ತಿತ್ತು. ಕಾಗದ ತಾಳುವಷ್ಟೇ ಚುಕ್ಕೆ ಕೊಡಬೇಕು ಎಂದು ನಮ್ಮ ಹಿರಿಯ ಬ್ಲಾಕ್ ಕೆಲಸಗಾರರು ಹೇಳುತ್ತಿದ್ದರು. ಬರಿಯ ಗೆರೆಗಳ ಚಿತ್ರವಾದರೆ ಹಾಫ್‌ಟೋನನ್ನು ಮುಟ್ಟದೆ ಲೈನ್ ಬ್ಲಾಕು ಮಾಡಿಸುತ್ತಿದ್ದೆವು. ಅಂದು ಚಿತ್ರದ ಭಾರಕ್ಕೆ ನಾವೇ ಹಣ ತೆರುತ್ತಿದ್ದುದರಿಂದ ನಮ್ಮ ವಿವೇಕವು ಸದಾ ಎಚ್ಚರವಾಗಿತ್ತು. ಇಂದು ಆ ಹಣವನ್ನು ಡೇಟಾ ಪ್ಯಾಕಿನ ರೂಪದಲ್ಲಿ ತೆರುವವನು ಓದುಗನಾದ್ದರಿಂದ ಅದು ನಿದ್ದೆ ಹೋಗಿದೆ. ಖರ್ಚು ಪರರದಾದಾಗಲೂ ಕೈ ಹಿಡಿತದಲ್ಲಿರುವುದೇ ಸಜ್ಜನಿಕೆಯ ಲಕ್ಷಣವಲ್ಲವೆ?

ಚಿತ್ರವನ್ನು ಕುಗ್ಗಿಸುವುದೆಂದರೆ ಅದನ್ನು ಕೆಡಿಸುವುದೆಂಬ ಭಯವು ಅನೇಕರಲ್ಲಿ ಇರುವುದರಿಂದ, ಆ ವಿದ್ಯೆಯ ಮೂಲತತ್ತ್ವವನ್ನು ಸ್ವಲ್ಪ ವಿಸ್ತಾರವಾಗಿ ಹೇಳಲು ತಮ್ಮ ಅಪ್ಪಣೆ ಬೇಡುತ್ತೇನೆ. ಅದನ್ನು ಹೇಳುವುದರಲ್ಲಿ ಕನ್ನಡನಾಡಿಗೆ ಹೆಮ್ಮೆಯ ಒಂದು ಸಂಗತಿಯೂ ಸೇರಿದೆ. ನಸೀರ್ ಅಹ್ಮದ್ ಅವರು 1940ರಲ್ಲಿ ಬೆಂಗಳೂರಿನಲ್ಲಿ ಜನಿಸಿ, ಇಂದು ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತಿರುವ ನಗರದ ಇಂಜಿನಿಯರಿಂಗ್ ಕಾಲೇಜಿನಲ್ಲಿ 1961ರಲ್ಲಿ ಪದವಿ ಪಡೆದು, ಮುಂದೆ ಅಮೆರಿಕಕ್ಕೆ ಹೋಗಿ ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾದವರು. ಚಿತ್ರದ ಮಾಹಿತಿಯನ್ನು ಕೊಸೈನ್ ಅಲೆಗಳ ಮೊತ್ತವನ್ನಾಗಿ ವಿಂಗಡಿಸುವ ಒಂದು ಗಣಿತವಿಧಾನವನ್ನು ಅಧ್ಯಯನ ಮಾಡಲು ಅವರು 1972ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಧನಸಹಾಯವನ್ನು ಕೋರಿದರು, ಅದು ದೊರೆಯಲಿಲ್ಲ. ಅವರಾದರೋ ಕೈಬಿಡದೆ ಮುಂದುವರಿಸಿ, ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡನೆ ಸೇರಿ 1974ರ ಜನವರಿಯಲ್ಲಿ ಆ ವಿಧಾನವನ್ನು ಒಂದು ಕಿರಿದಾದ ಪ್ರಬಂಧದ ರೂಪದಲ್ಲಿ ಪ್ರಕಟಿಸಿದರು. ನಾನು ಸತುವಿನ ತಗಡಿನ ಮೇಲೆ ಚುಕ್ಕೆಗಳನ್ನು ಎಣಿಸಲು ಕಲಿಯುತ್ತಿದ್ದ ವರ್ಷವೇ, ಮುಂದೆ ಲೋಕದ ಛಾಯಾಚಿತ್ರಗಳೆಲ್ಲ ಹಾದುಹೋಗಬೇಕಾದ ಬಾಗಿಲನ್ನು ನಮ್ಮೂರಿನವರೊಬ್ಬರು ತೆರೆದಿದ್ದರು. 1992ರಲ್ಲಿ ಸಿದ್ಧವಾದ ಜೆಪೆಗ್ ಎಂಬ ಮಾನಕದ ಹೃದಯಸ್ಥಾನದಲ್ಲಿರುವುದು ಅದೇ ವಿಧಾನ. ಅನಂತರ ಬಂದ ವೆಬ್‌ಪಿ, ಎವಿಐಎಫ್‌ಗಳಲ್ಲಿಯೂ ಅದರ ಸಂತತಿಯೇ ಕೆಲಸ ಮಾಡುತ್ತಿದೆ.

ಅದು ನಡೆಯುವ ಬಗೆಯನ್ನು ನಮ್ಮ ಹೆಣ್ಣುಮಕ್ಕಳು ಅಂಗಳದಲ್ಲಿ ಇಡುವ ರಂಗವಲ್ಲಿಯಿಂದ ತಿಳಿಯಬಹುದು. ಜೆಪೆಗ್ ವಿಧಾನವು ಇಡೀ ಚಿತ್ರವನ್ನು ಎಂಟು ಚುಕ್ಕೆ, ಎಂಟು ಸಾಲಿನ ಪುಟ್ಟ ಪುಟ್ಟ ಚೌಕಗಳನ್ನಾಗಿ ಕತ್ತರಿಸುತ್ತದೆ. ಒಂದೊಂದು ಚೌಕದಲ್ಲಿರುವ ಅರವತ್ತನಾಲ್ಕು ಬಿಂದುಗಳ ಬೆಳಕನ್ನು ಬಿಡಿಬಿಡಿಯಾಗಿ ಬರೆದಿಡುವ ಬದಲು, ಅರವತ್ತನಾಲ್ಕು ನಿಶ್ಚಿತ ವಿನ್ಯಾಸಗಳಲ್ಲಿ ಯಾವುದು ಎಷ್ಟು ಪ್ರಮಾಣದಲ್ಲಿ ಬೆರೆತರೆ ಈ ಚೌಕವಾಗುತ್ತದೆ ಎಂಬುದನ್ನು ಕಂಡುಹಿಡಿದು ಬರೆಯುತ್ತದೆ. ಮೊದಲ ವಿನ್ಯಾಸವು ಚೌಕದ ಸರಾಸರಿ ಬೆಳಕು. ಆಮೇಲಿನವು ನಿಧಾನವಾದ ಏರಿಳಿತಗಳು. ಕಡೆಯವು ಅತಿ ಸೂಕ್ಷ್ಮವಾದ, ನುಚ್ಚಿನಂತಹ ಕಂಪನಗಳು. ಪ್ರಕೃತಿಯ ದೃಶ್ಯಗಳಲ್ಲಿ, ಆಕಾಶವಾಗಲಿ ಗೋಡೆಯಾಗಲಿ ಮನುಷ್ಯನ ಕೆನ್ನೆಯಾಗಲಿ, ಸಾರವೆಲ್ಲ ಮೊದಲ ಕೆಲವು ವಿನ್ಯಾಸಗಳಲ್ಲಿಯೇ ತುಂಬಿರುತ್ತದೆ. ಕಡೆಯ ಸೂಕ್ಷ್ಮಗಳನ್ನು ನಮ್ಮ ಕಣ್ಣು ಅಷ್ಟಾಗಿ ಗಮನಿಸುವುದಿಲ್ಲ. ಆದ್ದರಿಂದ ಮೊರದಲ್ಲಿ ಹಾಕಿ ಕೇರಿದಂತೆ, ಗಟ್ಟಿಕಾಳನ್ನು ಉಳಿಸಿ ಹೊಟ್ಟನ್ನು ಹಾರಿಸಿಬಿಡುವುದು ಎರಡನೆಯ ಕ್ರಿಯೆ. ಬೆಳಕಿನ ಭೇದವನ್ನು ಕಾಣುವಷ್ಟು ತೀಕ್ಷ್ಣವಾಗಿ ನಮ್ಮ ಕಣ್ಣು ಬಣ್ಣದ ಭೇದವನ್ನು ಕಾಣಲಾರದಾದ್ದರಿಂದ, ಸಾಮಾನ್ಯವಾಗಿ ನಾಲ್ಕು ಬಿಂದುಗಳಿಗೆ ಸೇರಿಸಿ ಒಂದೇ ಬಣ್ಣವನ್ನು ಗುರುತಿಸಿಟ್ಟರೂ ನಡೆಯುತ್ತದೆ. ಉಳಿದ ಅಂಕಿಗಳನ್ನು, ಹೆಚ್ಚಾಗಿ ಬರುವುದಕ್ಕೆ ಕಿರಿದಾದ ಸಂಕೇತ, ಅಪರೂಪಕ್ಕೆ ಬರುವುದಕ್ಕೆ ಉದ್ದವಾದ ಸಂಕೇತ ಎಂಬ ಕ್ರಮದಲ್ಲಿ ಹೆಣೆದು ಕಡತವನ್ನು ಮುಗಿಸುತ್ತದೆ. ಹೀಗೆ ಕಳೆದುಹೋಗುವುದು ಕಣ್ಣು ಕೇಳದೆ ಇದ್ದುದು. ಉಳಿಯುವುದು ಕಣ್ಣು ಬೇಡಿದ್ದು. ಇದು ಮಾನವದೃಷ್ಟಿಯ ಗುಣವನ್ನು ಅರಿತು ರಚಿಸಿದ ವಿದ್ಯೆಯೇ ಹೊರತು ಚಿತ್ರಕ್ಕೆ ಬಗೆಯುವ ದ್ರೋಹವಲ್ಲ.

ಎಲ್ಲಿ ಕೇರುವುದನ್ನು ನಿಲ್ಲಿಸಬೇಕೆಂಬ ನಿರ್ಣಯ ಮಾತ್ರ ನಮ್ಮದು. ಚಿತ್ರ ತಿದ್ದುವ ಹಲವು ತಂತ್ರಾಂಶಗಳು ಗುಣಮಟ್ಟವೆಂದು ಒಂದರಿಂದ ನೂರರವರೆಗಿನ ಅಂಕಿಯನ್ನು ಕೇಳುತ್ತವೆ. ನೂರು ಅಂಕ ಬಂದರೆ ಮಗು ಜಾಣನೆಂದು ನಂಬಿ ಬೆಳೆದ ನಾವು ಅಲ್ಲಿಯೂ ನೂರನ್ನೇ ಒತ್ತುತ್ತೇವೆ. ಆ ಅಂಕಿಯು ಶೇಕಡಾವಾರು ಲೆಕ್ಕವಲ್ಲ. ಎಂಬತ್ತರಿಂದ ನೂರಕ್ಕೆ ಏರಿಸಿದಾಗ ಕಡತವು ಹಲವು ಪಟ್ಟು ಉಬ್ಬುತ್ತದೆ, ಕಣ್ಣಿಗೆ ಮಾತ್ರ ವ್ಯತ್ಯಾಸ ಕಾಣದು. ಸಾಮಾನ್ಯ ಛಾಯಾಚಿತ್ರಕ್ಕೆ ಎಪ್ಪತ್ತೈದರಿಂದ ಎಂಬತ್ತೈದರ ನಡುವಣ ಅಂಕಿಯು ಯಥೇಷ್ಟವಾಯಿತು. ನಲವತ್ತಕ್ಕೆ ಇಳಿಸಿದರೆ, ಕೆಂಪುಗೋಡೆಯ ಮೇಲಿನ ಬಿಳಿಯ ಎಳೆಗಳ ಅಂಚಿನಲ್ಲಿ ಸೊಳ್ಳೆ ಮುತ್ತಿದಂತಹ ಕಲೆಗಳು ಮೂಡುವುದನ್ನು ನಾನೇ ನೋಡಿದ್ದೇನೆ. ತೀಕ್ಷ್ಣವಾದ ಗೆರೆಯು ಈ ವಿಧಾನಕ್ಕೆ ಸುಲಭವಾಗಿ ಒಗ್ಗದು. ಇಲ್ಲಿಯೇ ಹಳೆಯ ಲೈನ್ ಬ್ಲಾಕಿನ ವಿವೇಕವು ಮತ್ತೆ ನೆನಪಾಗುತ್ತದೆ. ಲಾಂಛನ, ನಕ್ಷೆ, ರೇಖಾಚಿತ್ರ ಮುಂತಾದವುಗಳಿಗೆ ಪಿಎನ್‌ಜಿ ಅಥವಾ ಎಸ್‌ವಿಜಿ. ಛಾಯಾಚಿತ್ರಕ್ಕೆ ಜೆಪೆಗ್, ಇಲ್ಲವೆ ಅದಕ್ಕಿಂತ ಹಗುರವಾದ ವೆಬ್‌ಪಿ ಅಥವಾ ಎವಿಐಎಫ್. ಛಾಯಾಚಿತ್ರವನ್ನು ಪಿಎನ್‌ಜಿಯಲ್ಲಿ ಉಳಿಸುವುದು, ಏನನ್ನೂ ಬಿಡದೆ ಹೊರುವ ಅದರ ಸ್ವಭಾವದಿಂದಾಗಿ, ಕಡತವನ್ನು ವ್ಯರ್ಥವಾಗಿ ಕೊಬ್ಬಿಸುವ ಮಾರ್ಗ. 2010ರಲ್ಲಿ ಗೂಗಲ್ ಸಂಸ್ಥೆಯು ಹೊರತಂದ ವೆಬ್‌ಪಿ ಕಡತವು ಅದೇ ಗುಣದ ಜೆಪೆಗ್‌ಗಿಂತ ಶೇಕಡಾ 25ರಿಂದ 34ರಷ್ಟು ಕಿರಿದೆಂದು ಆ ಸಂಸ್ಥೆಯೇ ಹೇಳಿಕೊಂಡಿದೆ. ಇಂದಿನ ಬ್ರೌಸರುಗಳೆಲ್ಲ ಅದನ್ನು ಓದಬಲ್ಲವು.

ಆದರೆ ಗುಣಮಟ್ಟದ ಅಂಕಿಗಿಂತಲೂ ಮೊದಲು ಅಳತೆಯನ್ನು ಇಳಿಸಬೇಕೆಂಬುದನ್ನು ಒತ್ತಿ ಹೇಳುತ್ತೇನೆ. ಕಡತವನ್ನು ಎಷ್ಟೇ ಕುಗ್ಗಿಸಿ ಕಳುಹಿಸಿದರೂ, ಫೋನು ಅದನ್ನು ತೋರಿಸುವ ಮುನ್ನ ಪೂರ್ತಿಯಾಗಿ ಬಿಡಿಸಿ ನೆನಪಿನಲ್ಲಿ ಹರಡಿಕೊಳ್ಳಬೇಕು. ಬಿಂದುವೊಂದಕ್ಕೆ ನಾಲ್ಕು ಬೈಟಿನಂತೆ, 4000ಕ್ಕೆ 3000ದ ಒಂದು ಚಿತ್ರ ಬಿಡಿಸಿಕೊಂಡಾಗ 48 ಎಂಬಿಯನ್ನು ಆಕ್ರಮಿಸುತ್ತದೆ. ಇಂತಹ ಮೂರು ಚಿತ್ರಗಳು ಒಂದೇ ಪುಟದಲ್ಲಿದ್ದರೆ ಕಡಿಮೆ ಬೆಲೆಯ ಫೋನು ಏದುಸಿರು ಬಿಡುವುದರಲ್ಲಿ ಆಶ್ಚರ್ಯವೇನು? ಹೆಚ್ಚಿನ ಟೀಕೆಗೆ ಅವಕಾಶವಿಲ್ಲದ ಇನ್ನು ಕೆಲವು ಕ್ರಮಗಳನ್ನು ಇಲ್ಲಿಯೇ ಹೇಳಿ ಮುಗಿಸುತ್ತೇನೆ. ಒಂದೇ ಚಿತ್ರವನ್ನು ಎರಡು ಮೂರು ಅಳತೆಗಳಲ್ಲಿ ಸಿದ್ಧಮಾಡಿ, ಎಸ್‌ಆರ್‌ಸಿಸೆಟ್ ಎಂಬ ಸೂಚನೆಯ ಮೂಲಕ ಪರದೆಗೆ ತಕ್ಕುದನ್ನು ಬ್ರೌಸರೇ ಆರಿಸಿಕೊಳ್ಳುವಂತೆ ಮಾಡಿರಿ. ಚಿತ್ರದ ಅಗಲ ಎತ್ತರಗಳನ್ನು ಪುಟದ ಸಂಕೇತದಲ್ಲಿಯೇ ನಮೂದಿಸಿರಿ. ಆಗ ಸ್ಥಳವು ಮೊದಲೇ ಕಾದಿರುತ್ತದೆ, ಓದುವವರ ವಾಕ್ಯವು ಕೈತಪ್ಪಿ ಜಾರುವುದಿಲ್ಲ. ಕೆಳಗಿನ ಚಿತ್ರಗಳಿಗೆ, ಓದುಗನು ಅಲ್ಲಿಗೆ ಬಂದಾಗಲೇ ತರುವ ಲೇಝಿ ಲೋಡಿಂಗ್ ಕ್ರಮವನ್ನು ಅನುಸರಿಸಿರಿ, ಆದರೆ ಮೊದಲ ಚಿತ್ರಕ್ಕೆ ಅದು ಬೇಡ. ಕ್ಯಾಮರಾ ಕಡತದೊಳಗೆ ಅಡಗಿಸಿಡುವ ಸ್ಥಳದ ಗುರುತುಗಳನ್ನು ತೆಗೆದುಹಾಕಿರಿ. ಯಾರದೋ ಮನೆಯ ಅಕ್ಷಾಂಶ ರೇಖಾಂಶಗಳು ಲೋಕಕ್ಕೆ ತಿಳಿಯುವುದೂ ಇದರಿಂದ ತಪ್ಪುತ್ತದೆ. ಕುಗ್ಗಿಸಿದ ಪ್ರತಿಯನ್ನೇ ಮತ್ತೆ ಮತ್ತೆ ಕುಗ್ಗಿಸದೆ, ಪ್ರತಿ ಸಲವೂ ಮೂಲದಿಂದಲೇ ಹೊರಡಿರಿ.

ಇನ್ನು, ಈ ಪತ್ರದಲ್ಲಿ ನಾನು ಅತ್ಯಂತ ವೇದನೆಯಿಂದ ಹೇಳಬೇಕಾಗಿರುವುದು ಕನ್ನಡದ ಅಕ್ಷರಗಳನ್ನೇ ಚಿತ್ರವನ್ನಾಗಿ ಮಾಡಿ ಪುಟಕ್ಕೆ ಅಂಟಿಸುವ ಪದ್ಧತಿಯ ವಿಷಯ. ಪ್ರಕಟಣೆ, ಸುತ್ತೋಲೆ, ಆಮಂತ್ರಣ, ವಿದ್ಯಾರ್ಥಿವೇತನದ ನಿಯಮಗಳು, ಕಡೆಗೆ ಇಡೀ ಕವಿತೆಗಳು ಕೂಡ ಹೀಗೆ ಚಿತ್ರರೂಪದಲ್ಲಿ ಬರುತ್ತಿವೆ. ಇದಕ್ಕೆ ಒಂದು ಕಾಲದಲ್ಲಿ ನ್ಯಾಯವಾದ ಕಾರಣವಿತ್ತು ಎಂಬುದನ್ನು ನಾನು ಬಲ್ಲೆ. ಒಂದೊಂದು ಫಾಂಟಿಗೂ ಒಂದೊಂದು ಸಂಕೇತವಿದ್ದ ದಿನಗಳಲ್ಲಿ, ಬರೆದವರ ಫಾಂಟು ಓದುವವರ ಯಂತ್ರದಲ್ಲಿ ಇಲ್ಲದಿದ್ದರೆ ಕನ್ನಡವೆಲ್ಲ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗುತ್ತಿತ್ತು. ಚಿತ್ರವೊಂದೇ ಸುರಕ್ಷಿತವಾದ ವಾಹನವಾಗಿತ್ತು. ಆದರೆ 1991ರ ಯುನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ಇಂದು ಹಳ್ಳಿಯ ಅಂಗಡಿಯಲ್ಲಿ ಕೊಂಡ ಫೋನು ಕೂಡ ನಮ್ಮ ಒತ್ತಕ್ಷರಗಳನ್ನು ಅಂದವಾಗಿ ತೋರಿಸುತ್ತದೆ. ಕಾರಣ ಹೋದರೂ ಅಭ್ಯಾಸ ಉಳಿಯಿತು. ಜಾಲದಲ್ಲಿ ಸಂಚರಿಸುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದು ಸಂಕೇತಕ್ಕೆ ಮೂರು ಬೈಟು. ಸಾವಿರ ಸಂಕೇತಗಳ ಒಂದು ಪ್ರಕಟಣೆಯು ಬರೆಹವಾಗಿ ಹೊರಟರೆ ಮೂರು ಕೆಬಿ. ಅದೇ ಚಿತ್ರವಾಗಿ ಹೊರಟರೆ ಇನ್ನೂರು ಮುನ್ನೂರು ಕೆಬಿಗೆ ಕಡಮೆಯಾಗುವುದು ಕಷ್ಟ. ಅಕ್ಕನ ಫೋನಿಗೆ ಮೊದಲನೆಯದು ಅರ್ಧ ಸೆಕೆಂಡಿನ ಕೆಲಸ, ಎರಡನೆಯದು ಅರ್ಧ ನಿಮಿಷದ್ದು.

ತೂಕಕ್ಕಿಂತ ದೊಡ್ಡ ನಷ್ಟಗಳೂ ಇದರಲ್ಲಿವೆ. ಚಿತ್ರವಾದ ಕನ್ನಡವನ್ನು ಹುಡುಕುವ ಯಂತ್ರವು ಸರಿಯಾಗಿ ಕಾಣಲಾರದು. ಕಣ್ಣು ಮಂಜಾದವರು ಅಕ್ಷರವನ್ನು ದೊಡ್ಡದು ಮಾಡಲು ಹೋದರೆ ಸಾಲು ಪರದೆಯಾಚೆಗೆ ಹರಿದುಹೋಗುತ್ತದೆ. ಅಂಧರಿಗೆ ಓದಿಹೇಳುವ ತಂತ್ರಾಂಶವು ಅದರ ಮುಂದೆ ಬಂದು, ಚಿತ್ರ ಎಂಬ ಒಂದೇ ಪದವನ್ನು ಉಚ್ಚರಿಸಿ ಮುಂದಕ್ಕೆ ನಡೆಯುತ್ತದೆ. ಭಾಷೆಯ ಅಭಿಮಾನದಿಂದ ಸುಂದರವಾದ ಅಕ್ಷರವಿನ್ಯಾಸವನ್ನು ಬಯಸುವುದು ತಪ್ಪಲ್ಲ. ಆದರೆ ಆ ಸೌಂದರ್ಯದ ದೆಸೆಯಿಂದ ಭಾಷೆಯೇ ಮೂಕವಾಗಬಾರದು. ಅಕ್ಷರವನ್ನು ಅಕ್ಷರವಾಗಿಯೇ ಕಳುಹಿಸಿರಿ. ಚಿತ್ರವು ಅನಿವಾರ್ಯವಾದಲ್ಲಿ ಅದರೊಳಗಿನ ಮಾತನ್ನು ಪಕ್ಕದಲ್ಲಿ ಬರೆದು ಕೊಡಿರಿ ಎಂದು ಕೈಮುಗಿದು ಬೇಡುತ್ತೇನೆ.

ನನ್ನ ಈ ಮಾತುಗಳಿಗೆ ತಾವು ಹೇಳಬಹುದಾದ ಆಕ್ಷೇಪಣೆಗಳನ್ನು ನಾನು ಆಲೋಚಿಸದೆ ಇಲ್ಲ. ನಾಲ್ಕನೆಯ, ಐದನೆಯ ತಲೆಮಾರಿನ ಜಾಲ ಬಂದಿರುವಾಗ ಈ ಜಿಪುಣತನವೇಕೆ ಎಂದು ಕೆಲವರು ಕೇಳಿಯಾರು. ಜಾಲದ ವೇಗವು ಜಾಹೀರಾತಿನಲ್ಲಿರುವಂತೆ ಎಲ್ಲೆಡೆಯೂ ಸಮನಾಗಿ ಹರಡಿಲ್ಲ. ಆಗುಂಬೆಯ ತಿರುವಿನಲ್ಲಿ, ಓಡುವ ಬಸ್ಸಿನ ಹಿಂದಿನ ಸೀಟಿನಲ್ಲಿ, ಜಾತ್ರೆಯ ಜನಸಂದಣಿಯಲ್ಲಿ, ದಿನದ ಡೇಟಾ ಮುಗಿದ ಸಂಜೆಯಲ್ಲಿ ಅದು ಬೇರೆಯೇ ಆಗಿರುತ್ತದೆ. ಪುಟದ ಮುಖ್ಯಭಾಗವು ಎರಡೂವರೆ ಸೆಕೆಂಡಿನೊಳಗೆ ಕಾಣಿಸಿಕೊಳ್ಳಬೇಕೆಂದು ಗೂಗಲ್ ಸಂಸ್ಥೆಯು 2020ರಲ್ಲಿ ಒಂದು ಮಾನದಂಡವನ್ನು ಸೂಚಿಸಿತು. ಬಹುಪಾಲು ಸಂದರ್ಭಗಳಲ್ಲಿ ಆ ಮುಖ್ಯಭಾಗವೆಂದರೆ ಮೇಲಿನ ಚಿತ್ರವೇ. ತಂತ್ರಾಂಶವು ತಾನೇ ಇದನ್ನೆಲ್ಲ ಮಾಡಿಕೊಳ್ಳುತ್ತದೆ ಎಂದು ಮತ್ತೆ ಕೆಲವರು ಹೇಳಿಯಾರು. ಬಹಳ ಜನ ಬಳಸುವ ವರ್ಡ್‌ಪ್ರೆಸ್ 2019ರ ಕೊನೆಯಲ್ಲಿ, 5.3ನೆಯ ಆವೃತ್ತಿಯಿಂದ, ಅತಿದೊಡ್ಡ ಚಿತ್ರಗಳನ್ನು 2560 ಪಿಕ್ಸೆಲ್ಲಿಗೆ ಇಳಿಸತೊಡಗಿದ್ದು ನಿಜ. ಆದರೆ ಅದು ಅಕ್ಕನ ಪರದೆಯ ಅಗಲದ ಎರಡರಷ್ಟಕ್ಕಿಂತಲೂ ಹೆಚ್ಚು. ಚಿಕ್ಕ ಪ್ರತಿಗಳಿದ್ದರೂ ಪುಟದ ವಿನ್ಯಾಸವು ದೊಡ್ಡದನ್ನೇ ಕರೆದರೆ ಯಂತ್ರವು ಏನು ಮಾಡೀತು? ಅಚ್ಚಿಗೆ ಹೋಗುವ ಮುನ್ನ ಕರಡನ್ನು ನೋಡುವ ಕಣ್ಣು ಇಲ್ಲಿಯೂ ಬೇಕು.

ಛಾಯಾಗ್ರಾಹಕರ ಮನಸ್ಸು ನೊಂದೀತೆಂಬ ಆಕ್ಷೇಪಣೆಗೆ ಮಾತ್ರ ನಾನು ತಲೆಬಾಗುತ್ತೇನೆ. ಇಬ್ಬನಿ ಆರುವ ಮುನ್ನ ಎದ್ದು, ಬೆಳಕಿಗಾಗಿ ಗಂಟೆಗಟ್ಟಲೆ ಕಾದು ತೆಗೆದ ಚಿತ್ರದ ಒಂದು ಕಣವೂ ಕಳೆಯಬಾರದೆಂದು ಅವರು ಬಯಸುವುದು ಸಹಜ. ಅವರಿಗೆ ನನ್ನ ಉತ್ತರ ಇಷ್ಟೇ: ಮೂಲವನ್ನು ನಾವು ಜೋಪಾನವಾಗಿ ಕಾಪಾಡೋಣ; ಬಯಸಿದವರು ಒತ್ತಿ ದೊಡ್ಡದಾಗಿ ನೋಡಲು ಪ್ರತ್ಯೇಕವಾದ ಕೊಂಡಿಯನ್ನು ಕೊಡೋಣ. ಆದರೆ ಪುಟಕ್ಕೆ ಬಂದ ಪ್ರತಿಯೊಬ್ಬರ ತಲೆಯ ಮೇಲೂ ಅದನ್ನು ಕೇಳದೆ ಹೇರುವುದು ಬೇಡ. ಬಾರದೆ ಉಳಿದ ಮಹಾಚಿತ್ರಕ್ಕಿಂತ ಬಂದು ತಲಪಿದ ಚಿತ್ರವೇ ಕಲಾವಿದನಿಗೆ ಹೆಚ್ಚಿನ ಗೌರವ.

ಹಾಗಾದರೆ ನಾನು ತಮ್ಮಿಂದ ಅಪೇಕ್ಷಿಸುವುದೇನು? ಹೊಸ ಪುಟವನ್ನು ಲೋಕಕ್ಕೆ ಬಿಡುವ ಮುನ್ನ, ತಮ್ಮ ಮನೆಯಲ್ಲಿರುವ ಅತ್ಯಂತ ಹಳೆಯ ಫೋನನ್ನು ತೆಗೆದುಕೊಂಡು, ವೈಫೈಯನ್ನು ಆರಿಸಿ, ದಿನದ ಡೇಟಾ ಮುಗಿದ ಒಂದು ಸಂಜೆ, ತಮ್ಮದೇ ಪುಟವನ್ನು ತಾವೇ ತೆರೆದು ನೋಡಿರಿ. ಚಿತ್ರ ಇಳಿದು ಬರುವವರೆಗೆ ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ನಿಂತಿರಿ. ಆ ನಿಮಿಷಗಳು ಕಲಿಸುವಷ್ಟನ್ನು ಈ ದೀರ್ಘಪತ್ರವೂ ಕಲಿಸಲಾರದು. ಕುಗ್ಗಿಸುವ ಉಪಕರಣಗಳಿಗೆ ಹಣದ ಚಿಂತೆಯೂ ಬೇಡ. ಸ್ಕ್ವೂಶ್, ಗಿಂಪ್, ಇಮೇಜ್‌ಮ್ಯಾಜಿಕ್ ಮೊದಲಾದವು ಉಚಿತವಾಗಿಯೇ ದೊರೆಯುತ್ತವೆ. ಚಿತ್ರವೊಂದಕ್ಕೆ ತಗಲುವುದು ಎರಡು ನಿಮಿಷ. ಆ ಎರಡು ನಿಮಿಷವನ್ನು ನಾವು ಉಳಿಸಿಕೊಂಡರೆ ಸಾವಿರ ಓದುಗರು ಎಂಟೆಂಟು ನಿಮಿಷ ತೆರಬೇಕಾಗುತ್ತದೆ.

ನಮ್ಮ ಆ ಮೂರು ಚಿತ್ರಗಳನ್ನು ನಾನೇ ಕುಳಿತು 1080 ಪಿಕ್ಸೆಲ್ಲಿಗೆ ಇಳಿಸಿ, ಎಂಬತ್ತರ ಗುಣಮಟ್ಟದಲ್ಲಿ ವೆಬ್‌ಪಿಯಾಗಿ ಮಾಡಿ, ಸ್ಥಳದ ಅಳತೆಗಳನ್ನು ನಮೂದಿಸಿ, ಪುಟವನ್ನು ಮತ್ತೆ ಏರಿಸಿದೆ. ಹನ್ನೆರಡು ಎಂಬಿಯಿದ್ದುದು ಮುನ್ನೂರು ಕೆಬಿಯಾಯಿತು; ಇಪ್ಪತ್ತಾರು ನಿಮಿಷದ ದಾರಿ ಮೂವತ್ತೆಂಟು ಸೆಕೆಂಡಿಗೆ ಇಳಿಯಿತು. ಅಕ್ಕನಿಗೆ ಏನನ್ನೂ ವಿವರಿಸದೆ, ಕೊಂಡಿಯನ್ನು ಇನ್ನೊಮ್ಮೆ ಕಳುಹಿಸಿದೆ. ಅದೇ ರಾತ್ರಿ ಊಟದ ಹೊತ್ತಿಗೆ ಕರೆ ಬಂದಿತು. ಪುಟ ಬೇಗ ತೆರೆಯಿತೆಂದಾಗಲಿ, ಚಿತ್ರಗಳು ಚೆನ್ನಾಗಿವೆಯೆಂದಾಗಲಿ ಅವಳು ಹೇಳಲಿಲ್ಲ. ಆ ವಿಷಯವೇ ಅವಳ ನೆನಪಿನಲ್ಲಿರಲಿಲ್ಲ. “ಎರಡನೇ ಚಿತ್ತಾರದಾಗೆ ಎಡಗಡೆ ಮೂಲೇಲಿ ಒಂದು ಎಳೆ ತಪ್ಪಿದೆ ಕಣೋ. ನಾಕು ಬರೋ ಕಡೆ ಮೂರೇ ಎಳೆದಾರೆ. ನಿಮ್ಮಲ್ಲಿ ಯಾರೂ ನೋಡ್ಲಿಲ್ಲೇನು?” ಎಂದಳು. ನಾನು ಪರದೆಯ ಹತ್ತಿರ ಬಾಗಿ ಎಣಿಸಿದೆ. ಮೂರೇ ಇದ್ದವು.

ಇತಿ,
ತಮ್ಮ ವಿಶ್ವಾಸಿ,
ಅಚ್ಚುಕೂಟದ ಒಬ್ಬ ಹಳೆಯ ಕೆಲಸಗಾರ